ಬೆಳುವಲ ನಾಡಿನಲ್ಲಿ ಊರು ಬಿಟ್ಟವರಿಗೆ ಆಸರೆ: ಒಂದು ಐತಿಹಾಸಿಕ ಅವಲೋಕನ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಆದಿಕವಿ ಪಂಪನ ಹೆಸರಿನೊಡನೆ ನೆನಪಾಗುವ ಊರು. ಶಾಸನಗಳನ್ನು ಓದುವವರಿಗೆ ಅದು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ. ಕಲ್ಯಾಣ ಚಾಲುಕ್ಯರ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನು ನೆಲೆ ನಿಂತು ಆಳಿದ ಸ್ಥಳ. ಅಮೃತೇಶ್ವರ ದೇವಾಲಯದ ಕಂಬಗಳ ನಡುವೆ ನಿಂತವರಿಗೆ ಆ ವೈಭವದ ನೆರಳು ಇಂದಿಗೂ ಕಾಣುತ್ತದೆ. ಇದೇ ಊರಿನಲ್ಲಿ 2010ನೆಯ ಇಸವಿಯಲ್ಲಿ ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ನೂರಾರು ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಯಾವುದೋ ಹಳೆಯ ಕಾಳಗದಲ್ಲಿ ಮಡಿದವರವು ಇರಬಹುದೆಂದು ಮೊದಲು ಊಹಿಸಲಾಯಿತು. ಕಾಲನಿರ್ಣಯದ ಪರೀಕ್ಷೆಗಳು ಒಂದಕ್ಕಿಂತ ಹೆಚ್ಚು ಸಲ ನಡೆದು, ಕೊನೆಗೆ ಅವು ಹದಿನೆಂಟನೆಯ ಶತಮಾನದ ಅಂತ್ಯದ ‘ಡೋಗಿ ಬರ’ಕ್ಕೆ ಸಂಬಂಧಿಸಿದವೆಂಬ ಅಭಿಪ್ರಾಯ ಮುಂದೆ ಬಂದಿತು. ಡೋಗಿ ಬರವೆಂದರೆ ತಲೆಬುರುಡೆಯ ಬರ. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಬುರುಡೆಗಳಿಂದ ಆ ಬರಕ್ಕೆ ಆ ಹೆಸರು ಬಂದಿತೆಂದು ಹಿಂದಿನ ದಾಖಲೆಗಳು ಹೇಳುತ್ತವೆ.

ಅರಸರ ಹೆಸರು ಶಾಸನದಲ್ಲಿ ಉಳಿಯಿತು, ಕವಿಯ ಹೆಸರು ಕಾವ್ಯದಲ್ಲಿ ಉಳಿಯಿತು. ಊರು ಬಿಟ್ಟು ಅನ್ನ ಅರಸಿ ನಡೆದು, ಸೂರು ಸಿಗದೆ ಸತ್ತವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಆದರೂ ಈ ನಾಡಿನ ಇತಿಹಾಸದಲ್ಲಿ ಅಂಥವರ ಪಾಲು ಚಿಕ್ಕದಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗರು ಬರ, ಯುದ್ಧ, ಪ್ಲೇಗು, ನೆರೆಗಳಿಂದಾಗಿ ಮತ್ತೆ ಮತ್ತೆ ಮನೆ ಬಿಡಬೇಕಾಯಿತು. ಬೇರೆಡೆಯಿಂದ ಮನೆ ಬಿಟ್ಟು ಬಂದವರೂ ಇಲ್ಲಿ ನೆಲೆ ಕಂಡರು. ಅವರಿಗೆ ಆಸರೆ ಯಾರಿಂದ, ಎಲ್ಲಿ, ಯಾವ ಷರತ್ತಿನ ಮೇಲೆ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಾಚೀನ ಆದರ್ಶ

ಆಸರೆಯು ಕನ್ನಡ ನಾಡಿಗೆ ಹೊಸ ಕಲ್ಪನೆಯಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿರುವ ಕೇದಾರೇಶ್ವರ ದೇವಾಲಯದ 1162ರ ಶಾಸನವು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವಾಗ, ಅದು ವೇದ ವ್ಯಾಕರಣಾದಿ ವಿದ್ಯೆಗಳ ವ್ಯಾಖ್ಯಾನದ ಸ್ಥಾನವೆಂದು ಹೇಳಿ ಸುಮ್ಮನಾಗುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನ ದೊರೆಯುವ ಸ್ಥಾನ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನ, ಸಕಲ ಪ್ರಾಣಿಗಳಿಗೂ ಅಭಯವೀಯುವ ಸ್ಥಾನ ಎಂದು ಒಂದೊಂದಾಗಿ ಎಣಿಸುತ್ತದೆ. ವಿದ್ಯೆ, ಅನ್ನ, ಔಷಧ, ಅಭಯಗಳು ಒಂದೇ ಅಂಗಳದಲ್ಲಿ ಇರಬೇಕೆಂಬುದು ಆ ಕಾಲದ ಮಠದ ಕಲ್ಪನೆ. ಇವುಗಳಲ್ಲಿ ಅಭಯವೆಂಬ ಮಾತು ಮುಖ್ಯವಾದುದು. ಅನ್ನವನ್ನು ಬಾಗಿಲಲ್ಲಿ ನಿಲ್ಲಿಸಿಯೂ ನೀಡಬಹುದು; ಅಭಯವನ್ನು ಒಳಗೆ ಕರೆದುಕೊಳ್ಳದೆ ಕೊಡಲಾಗದು.

ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ದಾಸೋಹವನ್ನು ಜೀವನಧರ್ಮವಾಗಿ ಕಂಡರು. ಉಳ್ಳವನು ಇಲ್ಲದವನಿಗೆ ಕೊಡುವುದು ದಾನ. ಕೊಡುವವನು ತಾನು ದಾಸನೆಂಬ ಭಾವದಿಂದ ಸಲ್ಲಿಸುವುದು ದಾಸೋಹ. ಈ ತತ್ತ್ವವನ್ನು ಬೋಧಿಸಿದವರೇ ಕೆಲವು ವರ್ಷಗಳಲ್ಲಿ ನಿರಾಶ್ರಿತರಾದರು ಎಂಬುದು ಇತಿಹಾಸದ ವಿಪರ್ಯಾಸ. ಕಲ್ಯಾಣದ ಗೊಂದಲದ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ಸಂಗಡ ಹೊರಟ ಸಮುದಾಯವು ಪಶ್ಚಿಮದ ಕಾಡಿನ ಉಳವಿಯನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಧಾರವಾಡ ಸೀಮೆಯ ಹಲವು ಹಳ್ಳಿಗಳು ಶರಣರು ತಮ್ಮಲ್ಲಿ ತಂಗಿ ಹೋದರೆಂಬ ಐತಿಹ್ಯವನ್ನು ಇಂದಿಗೂ ಕಾಪಾಡಿಕೊಂಡಿವೆ. ಉಳವಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವವರು ಆ ನೆನಪಿನ ಮೇಲೆಯೇ ನಡೆಯುತ್ತಾರೆ. ಈ ಐತಿಹ್ಯಗಳ ಒಂದೊಂದು ವಿವರವೂ ಚರಿತ್ರೆಯ ಒರೆಗೆ ನಿಲ್ಲಬೇಕಾಗಿಲ್ಲ. ಓಡಿ ಬಂದವರಿಗೆ ಒಂದು ರಾತ್ರಿಯ ಎಡೆ ಕೊಟ್ಟದ್ದನ್ನು ಒಂದು ಊರು ಎಂಟು ಶತಮಾನಗಳ ಕಾಲ ತನ್ನ ಹೆಮ್ಮೆಯೆಂದು ನೆನೆಯುತ್ತಿದೆ ಎಂಬುದೇ ಗಮನಾರ್ಹವಾದ ಸಂಗತಿ.

ನವಲಗುಂದದಲ್ಲಿ ಇಂಥ ನೆನಪು ನೆಯ್ಗೆಯ ರೂಪದಲ್ಲಿ ಉಳಿದಿದೆ. ಆ ಊರಿನ ಜಮಖಾನೆಗಳು ನಾಡಿನಲ್ಲೆಲ್ಲ ಪ್ರಸಿದ್ಧವಾದವು. ಅವುಗಳನ್ನು ನೆಯ್ಯುವ ಮುಸಲ್ಮಾನ ಮನೆತನಗಳ ಪೂರ್ವಿಕರು ಆದಿಲಶಾಹಿಯ ಕಾಲದಲ್ಲಿ, ವಿಜಯನಗರದೊಡನೆ ಯುದ್ಧಗಳು ನಡೆದಾಗ, ವಿಜಾಪುರವನ್ನು ಬಿಟ್ಟು ಬಂದು ನವಲಗುಂದದಲ್ಲಿ ನೆಲೆಸಿದರೆಂದು ಅವರ ಪರಂಪರೆ ತಿಳಿಸುತ್ತದೆ. ಮಗ್ಗದ ಮುಂದೆ ಕೂತು ನವಿಲು ಮತ್ತು ಪಗಡೆಯ ಹಾಸಿನ ಚಿತ್ರಗಳನ್ನು ಎಬ್ಬಿಸುವವರು ಆ ಮನೆಗಳ ಹೆಣ್ಣುಮಕ್ಕಳು. 2011ರಲ್ಲಿ ಈ ನೆಯ್ಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆಸರೆ ಬೇಡಿ ಬಂದವರು ತಮಗೆ ಎಡೆ ಕೊಟ್ಟ ಊರಿನ ಹೆಸರನ್ನು ದೇಶಾಂತರಕ್ಕೆ ಒಯ್ದರು. ಆಸರೆ ಪಡೆದವರು ಊರಿಗೆ ಹೊರೆಯಾಗುತ್ತಾರೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಡೋಗಿ ಬರ

ಆದರ್ಶವು ಎಲ್ಲ ಕಾಲದಲ್ಲಿಯೂ ಗೆಲ್ಲಲಿಲ್ಲ. 1790ರಲ್ಲಿ ಮೂರನೆಯ ಮೈಸೂರು ಯುದ್ಧವು ಆರಂಭವಾದಾಗ ಪರಶುರಾಮ ಭಾವುವಿನ ಮರಾಠಾ ದಂಡು, ಇಂಗ್ಲಿಷರ ತುಕಡಿಯೊಂದರ ಸಂಗಡ, ಟಿಪ್ಪುವಿನ ವಶದಲ್ಲಿದ್ದ ಧಾರವಾಡದ ಕೋಟೆಯನ್ನು ಮುತ್ತಿತು. ಮುತ್ತಿಗೆಯು ತಿಂಗಳುಗಟ್ಟಲೆ ನಡೆದು 1791ರ ಏಪ್ರಿಲ್‌ನಲ್ಲಿ ಕೋಟೆ ಶರಣಾಯಿತು. ದಂಡು ನಿಂತ ನೆಲದಲ್ಲಿ ಕಾಳು ಉಳಿಯುವುದಿಲ್ಲ, ಮೇವು ಉಳಿಯುವುದಿಲ್ಲ. ಅದೇ ವರ್ಷಗಳಲ್ಲಿ ಮಳೆಯೂ ಕೈಕೊಟ್ಟಿತು. ಶಾಂತಸಾಗರದ ನೀರು ಕಾಯುವುದರಿಂದ ಮಳೆಯ ಮಾರುತಗಳು ದುರ್ಬಲವಾಗುವ ‘ಎಲ್ ನಿನೊ’ ಎಂಬ ವಿದ್ಯಮಾನವು ಆ ವರ್ಷಗಳಲ್ಲಿ ಬಹು ಪ್ರಬಲವಾಗಿತ್ತೆಂದು ಹವಾಮಾನದ ಇತಿಹಾಸವನ್ನು ಅಭ್ಯಸಿಸಿದವರು ಈಗ ತೋರಿಸಿಕೊಟ್ಟಿದ್ದಾರೆ. ಆದರೆ ಸಮುದ್ರದ ಕಾವು ಒಂದೇ ಇಷ್ಟು ಜನರನ್ನು ಕೊಲ್ಲಲಾರದು. ಬರ ಬಂದಾಗ ಹಗೇವಿನ ಬಾಯಿ ತೆರೆದು ಜೀವ ಉಳಿಸಿಕೊಳ್ಳುವುದು ಬೆಳುವಲದ ರೈತನ ಪುರಾತನ ಉಪಾಯ. ನೆಲದೊಳಗಿನ ಆ ಕಣಜವನ್ನು ದಂಡು ಮೊದಲೇ ಬರಿದು ಮಾಡಿದ್ದರೆ ಉಪಾಯಕ್ಕೆ ಎಡೆಯೆಲ್ಲಿ? ಹುಬ್ಬಳ್ಳಿ, ಡಂಬಳ ಮೊದಲಾದ ಕಡೆಗಳಲ್ಲಿ ಜನರು ಎಲೆ ಕಾಯಿಗಳನ್ನು ತಿಂದು ದಿನ ನೂಕಿದರೆಂದು ಮುಂದಿನ ಸರಕಾರಿ ವರದಿಗಳಲ್ಲಿ ದಾಖಲಾಗಿದೆ.

ಈ ಬರದಲ್ಲಿ ಆಸರೆಯ ಮನೆಯೂ ಬರಿದಾಗಿತ್ತೆಂಬುದು ಮುಖ್ಯವಾದ ಅಂಶ. ಮಠಕ್ಕೆ ಕಾಳು ಬರುವುದು ಭಕ್ತನ ಕಣದಿಂದ. ಭಕ್ತನ ಕಣ ಖಾಲಿಯಾದಾಗ ದಾಸೋಹದ ಒಲೆಯೂ ಆರುತ್ತದೆ. ಒಂದು ಸೀಮೆಯ ಆಸರೆಯು ಆ ಸೀಮೆಯ ಬೆಳೆಯನ್ನೇ ನೆಚ್ಚಿದ್ದರೆ ಅದಕ್ಕೊಂದು ಮಿತಿಯಿದೆ. ಹೊರಗಿನಿಂದ ಕಾಳು ತರುವ ಆಳ್ವಿಕೆ ಮತ್ತು ಅದನ್ನು ತಲುಪಿಸುವ ದಾರಿ ಎರಡೂ ಇಲ್ಲದಾಗ ಧರ್ಮಬುದ್ಧಿಯೊಂದರಿಂದಲೇ ಜನ ಉಳಿಯಲಾರರೆಂಬ ಪಾಠವು ಅಣ್ಣಿಗೇರಿಯ ಮಣ್ಣಿನಲ್ಲಿ ಹೂತುಹೋಗಿತ್ತು.

ಧಾತು ಈಶ್ವರದ ಬರ

ಆಳ್ವಿಕೆಯೂ ಕಾಳೂ ದಾರಿಯೂ ಇದ್ದ ಕಾಲದಲ್ಲಿ ಏನಾಯಿತೆಂಬುದನ್ನು 1876ರಿಂದ 1878ರವರೆಗಿನ ಬರವು ತೋರಿಸುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಹೆಸರಿನಿಂದ ಕನ್ನಡಿಗರು ನೆನೆಯುವ ಬರ ಇದು. ನವಲಗುಂದದ ಕರಿನೆಲ ಹಿಂಗಾರಿಯನ್ನು ನಂಬಿದ ನೆಲ. ಜೋಳ, ಗೋಧಿ, ಕಡಲೆ, ಹತ್ತಿಗಳು ಭಾದ್ರಪದ ಆಶ್ವೀಜಗಳ ಮಳೆಯಿಂದ ನೆಲ ಹೀರಿದ ತೇವದ ಮೇಲೆ ಬೆಳೆಯುತ್ತವೆ. ಅಲ್ಲಿ ಬಾವಿ ತೋಡಿದರೆ ಹಲವೆಡೆ ಸವಳು ನೀರು. ಕುಡಿಯಲು ಕೆರೆಯೇ ಗತಿ. 1876ರ ಹಿಂಗಾರಿ ತಪ್ಪಿದಾಗ ಬೆಳೆಯೂ ಹೋಯಿತು, ಕೆರೆಯೂ ಒಣಗಿತು. 1860ರ ದಶಕದ ಅಮೆರಿಕೆಯ ಅಂತರ್ಯುದ್ಧದ ಕಾಲದಿಂದ ಹತ್ತಿಗೆ ಬಂದ ಬೆಲೆ ಈ ನೆಲದಲ್ಲಿ ಹತ್ತಿಯ ಬೇಸಾಯವನ್ನು ಹೆಚ್ಚಿಸಿತ್ತು. ಹತ್ತಿಯನ್ನು ಮಾರಬಹುದು, ಉಣ್ಣಲಾಗದು. ಪಶ್ಚಿಮಕ್ಕೆ ಕಲಘಟಗಿಯ ಕಡೆಗೆ ಹೋದಂತೆ ಮಳೆ ಹೆಚ್ಚು, ಭತ್ತದ ಗದ್ದೆ, ಕೆರೆ, ಕಾಡು. ಬರ ಬಿದ್ದಾಗ ಬಯಲುಸೀಮೆಯ ಜನ ದನಕರುಗಳನ್ನು ಅಟ್ಟಿಕೊಂಡು ಮಲೆನಾಡ ಸೆರಗಿಗೆ ಸರಿಯುವುದು ಈ ಭೂಗೋಳದಿಂದಲೇ ಹುಟ್ಟಿದ ರೂಢಿ.

ಆ ಕಾಲದ ರಾಜಕೀಯ ನಕಾಶೆಯೂ ಊರು ಬಿಟ್ಟವನಿಗೆ ತೊಡಕಾಗಿತ್ತು. ನವಲಗುಂದ, ಕಲಘಟಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಕುಂದಗೋಳವು ಜಮಖಂಡಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬನದು. ಎರಡು ಹರದಾರಿ ನಡೆದರೆ ಬೇರೊಂದು ಸರಕಾರ. ಹಸಿದವನಿಗೆ ಗಡಿ ತಿಳಿಯದು. ಅನ್ನ ಕೊಡುವ ಅಧಿಕಾರಿಗೆ ಮಾತ್ರ ಅದು ಮೊದಲು ತಿಳಿಯುತ್ತದೆ.

ಸರಕಾರವು ಪರಿಹಾರ ಕಾಮಗಾರಿಗಳನ್ನು ತೆರೆಯಿತು. ರಸ್ತೆ ಹಾಕುವುದು, ಕೆರೆ ಅಗೆಯುವುದು, ಕಲ್ಲು ಒಡೆಯುವುದು ಈ ಕೆಲಸಗಳು. ದುಡಿದು ಉಣ್ಣುವುದರಲ್ಲಿ ಅವಮಾನವಿಲ್ಲ. ಕಾಯಕವನ್ನು ಪೂಜ್ಯವೆಂದು ತಿಳಿದ ನಾಡಿನಲ್ಲಿ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಡಕು ಇದ್ದುದು ಅದರ ಷರತ್ತುಗಳಲ್ಲಿ. ವೈಸರಾಯ ಲಾರ್ಡ್ ಲಿಟನ್ನನ ಪ್ರತಿನಿಧಿಯಾಗಿ 1877ರ ಆರಂಭದಲ್ಲಿ ಬರದ ಪ್ರದೇಶಗಳನ್ನು ಸುತ್ತಿದ ಸರ್ ರಿಚರ್ಡ್ ಟೆಂಪಲ್, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಸಾಕೆಂದು ಗೊತ್ತುಪಡಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಬಂಡೆ ಒಡೆಯುವ ಮೈಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಬಲವಾಗಿ ಪ್ರತಿಭಟಿಸಿದನು. ಅದೇ ಏಪ್ರಿಲ್‌ನಲ್ಲಿ ಟೆಂಪಲ್ ಮುಂಬಯಿಯ ಗವರ್ನರನೂ ಆದನು.

ಕೂಲಿಗಿಂತ ಕ್ರೂರವಾದ ಇನ್ನೊಂದು ಷರತ್ತನ್ನು ‘ದೂರದ ಪರೀಕ್ಷೆ’ ಎನ್ನಬಹುದು. ಮನೆಯ ಸಮೀಪದಲ್ಲಿ ಕೆಲಸ ಕೊಟ್ಟರೆ ನಿಜವಾಗಿ ಹಸಿಯದವರೂ ಬರುತ್ತಾರೆ, ಆದುದರಿಂದ ಮನೆಯಿಂದ ಹತ್ತು ಮೈಲಿಗಿಂತ ಆಚೆ ಹೋಗಲು ಸಿದ್ಧರಿರುವವರಿಗೆ ಮಾತ್ರ ದೊಡ್ಡ ಕಾಮಗಾರಿಯಲ್ಲಿ ಕೆಲಸ ಕೊಡಬೇಕು ಎಂಬುದು ಅದರ ತರ್ಕ. ಹಸಿವು ನಿಜವೋ ಸುಳ್ಳೋ ಎಂದು ಅಳೆಯಲು ಅಧಿಕಾರವು ದಾರಿಯ ಉದ್ದವನ್ನು ಅಳತೆಗೋಲು ಮಾಡಿತು. ಅದರ ಪರಿಣಾಮವೇನೆಂದರೆ, ಬರವು ಯಾರನ್ನು ಊರಿನಿಂದ ಇನ್ನೂ ಹೊರಗೆ ಹಾಕಿರಲಿಲ್ಲವೋ ಅವರನ್ನು ಪರಿಹಾರವೇ ಹೊರಗೆ ಹಾಕಿತು. ಮುದುಕರನ್ನು, ಬಾಣಂತಿಯರನ್ನು, ಉಳಿದ ಒಂದೆರಡು ಎತ್ತುಗಳನ್ನು ಹಿಂದೆ ಬಿಟ್ಟು ನಡೆಯಲಾರದವರು ಮನೆಯಲ್ಲಿಯೇ ಕ್ಷೀಣಿಸಿದರು. ನಡೆದು ಹೋದವರು ಸಾವಿರಾರು ಜನರ ದಟ್ಟಣೆಯಲ್ಲಿ, ಸರಿಯಾದ ನೀರಿಲ್ಲದ ಬಿಡಾರಗಳಲ್ಲಿ, ಕಾಲರಾಕ್ಕೆ ತುತ್ತಾದರು. ಮಹಾರಾಷ್ಟ್ರದ ಜಿಲ್ಲೆಗಳಲ್ಲಿ ಸಾವಿರಾರು ಕೂಲಿಕಾರರು ಈ ಷರತ್ತುಗಳನ್ನು ಒಪ್ಪದೆ ಕೆಲಸ ಬಿಟ್ಟು ಹಿಂದಿರುಗಿದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಬರೆದುಕೊಂಡಿತು.

ಫಲವನ್ನು ಜನಗಣತಿಯ ಅಂಕಿಗಳು ಹೇಳುತ್ತವೆ. 1872ರಲ್ಲಿ ಸುಮಾರು 9 ಲಕ್ಷ 88 ಸಾವಿರವಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 8 ಲಕ್ಷ 83 ಸಾವಿರಕ್ಕೆ ಇಳಿಯಿತು. ನೆರೆಯ ಕಲಾದಗಿ ಜಿಲ್ಲೆಯಲ್ಲಿ 8 ಲಕ್ಷ 16 ಸಾವಿರದಿಂದ 6 ಲಕ್ಷ 38 ಸಾವಿರಕ್ಕೆ, ಮೈಸೂರು ಸಂಸ್ಥಾನದಲ್ಲಿ 50 ಲಕ್ಷ 55 ಸಾವಿರದಿಂದ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಇವುಗಳಲ್ಲಿ ಸತ್ತವರೆಷ್ಟು, ಊರು ಬಿಟ್ಟು ಮರಳದವರೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಠಿಣ. ಎರಡೂ ಒಂದೇ ದುಃಖದ ಎರಡು ಲೆಕ್ಕಗಳು.

ಈ ಕಾಲದಲ್ಲಿ ನವಲಗುಂದದಲ್ಲಿ ನಾಗಲಿಂಗ ಸ್ವಾಮಿಗಳು, ಶಿಶುನಾಳದಲ್ಲಿ ಶರೀಫರು ಬದುಕಿದ್ದರು. ಶರೀಫರ ಗುರು ಗೋವಿಂದ ಭಟ್ಟರು ಕುಂದಗೋಳ ಸೀಮೆಯ ಕಳಸದವರು. ಜಾತಿಮತಗಳ ಗೋಡೆಯನ್ನು ದಾಟಿ ಗುರುಶಿಷ್ಯರಾದ ಇವರ ಸ್ನೇಹವನ್ನು ಈ ಸೀಮೆ ಕೊಂಡಾಡುತ್ತದೆ. ಅದೇ ಕಾಲದ ಅನ್ನದ ಕೇಂದ್ರಗಳಲ್ಲಿ ಮಾತ್ರ ಬೇಯಿಸಿದ ಅನ್ನವನ್ನು ಯಾರ ಕೈಯಿಂದ, ಯಾರ ಪಕ್ಕದಲ್ಲಿ ಕೂತು ಉಣ್ಣಬೇಕೆಂಬ ಪ್ರಶ್ನೆ ಜೀವ ಹಿಡಿದವರನ್ನೂ ಬಾಗಿಲಲ್ಲಿ ತಡೆಯಿತು. ಮೇಲಿನವರೆನಿಸಿಕೊಂಡವರು ಒಳಗೆ ಬರಲು ನಾಚಿದರು. ಕೆಳಗಿನವರೆನಿಸಿಕೊಂಡವರನ್ನು ಒಳಗೆ ಬರಲು ಬಿಡಲು ಇತರರು ಹಿಂಜರಿದರು. ದೂರದ ಪರೀಕ್ಷೆಯನ್ನು ಪರಕೀಯ ಸರಕಾರ ವಿಧಿಸಿತ್ತು. ಪಂಕ್ತಿಯ ಪರೀಕ್ಷೆಯನ್ನು ವಿಧಿಸಿದವರು ನಮ್ಮವರೇ. ದಾಸೋಹದ ಹೆಸರು ಹೇಳುವ ಸಮಾಜವು ಈ ಎರಡನೆಯದನ್ನು ಮರೆಯುವಂತಿಲ್ಲ.

ಬರದ ತರುವಾಯ ಸ್ಟ್ರೇಚಿಯವರ ಅಧ್ಯಕ್ಷತೆಯ ಆಯೋಗವು 1880ರಲ್ಲಿ ವರದಿ ಸಲ್ಲಿಸಿತು. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಬರ ಬಂದರೆ ಜನರನ್ನು ಉಳಿಸುವುದು ರಾಜ್ಯದ ಕರ್ತವ್ಯವೆಂದು ಬರಹದಲ್ಲಿ ಒಪ್ಪಿಕೊಂಡದ್ದು ಅದರ ದೊಡ್ಡ ಲಾಭ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿ, ಅಣ್ಣಿಗೇರಿ, ಗದಗುಗಳ ಮೇಲೆ ಹಾದು ಬಂದಾಗ ಕಾಳು ಬರುವ ದಾರಿಯೂ ತೆರೆಯಿತು. ಡೋಗಿ ಬರದಲ್ಲಿ ಇಲ್ಲದಿದ್ದ ಎರಡು ಸಾಧನಗಳು ಹೀಗೆ ದೊರೆತವು. ಆಸರೆಯು ಊರಿಗೆ ಹತ್ತಿರವಿರಬೇಕೆಂಬ ಅರಿವು ಮಾತ್ರ ಇನ್ನೂ ಹಣ್ಣಾಗಬೇಕಿತ್ತು.

ಪ್ಲೇಗಿನ ಗುಡಿಸಲುಗಳು

ಆ ಅರಿವನ್ನು ಕಲಿಸಿದ್ದು ಇನ್ನೊಂದು ವಿಪತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ಹುಬ್ಬಳ್ಳಿಗೆ ಬಂದು, 1898ರಲ್ಲಿ ಜಿಲ್ಲೆಯಲ್ಲೆಲ್ಲ ಹಬ್ಬಿತು. ಹಾಫ್‌ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಆ ವರ್ಷ ಹುಬ್ಬಳ್ಳಿಯಲ್ಲಿ ಹಾಕಿಸಿಕೊಂಡವರ ಸಂಖ್ಯೆ ಹತ್ತಾರು ಸಾವಿರ. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಆ ಊರಿನ ಹೆಸರು ಹೀಗೆ ದಾಖಲಾಗಿದೆ. ಹಳ್ಳಿಗಳಲ್ಲಿ ಲಸಿಕೆಗಿಂತ ಮೊದಲು ಜನರು ಕಂಡುಕೊಂಡ ಉಪಾಯ ಬೇರೆ. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡುವುದು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬೇನೆ ಇಳಿಯುವವರೆಗೆ ಅಲ್ಲಿರುವುದು. ಇಲಿಯ ಮೈಮೇಲಿನ ಚಿಕ್ಕಾಡು ಈ ರೋಗವನ್ನು ಹರಡುತ್ತದೆಂದು 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಪಂಡಿತವರ್ಗವು ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಕಾರಣ ತಿಳಿಯದಿದ್ದರೂ ಹಳ್ಳಿಗರು ಹಿಡಿದ ದಾರಿ ಸರಿಯಾಗಿತ್ತು.

ಜೋಳದ ದಂಟು, ತೊಗರಿಕಟ್ಟಿಗೆ, ಚಾಪೆ, ಕಂಬಳಿಗಳಿಂದ ಎದ್ದ ಆ ಗುಡಿಸಲುಗಳಲ್ಲಿ ಬದುಕು ಸುಖದ್ದಾಗಿರಲಿಲ್ಲ. ಕರಿನೆಲದ ಎರೆಮಣ್ಣು ಒಂದು ಮಳೆಗೆ ಮೊಣಕಾಲುದ್ದ ಕೆಸರಾಗುತ್ತದೆ. ಚಳಿಗಾಲದಲ್ಲಿ ಹೊಲದ ಗಾಳಿ ಕೊರೆಯುತ್ತದೆ. ಊರಲ್ಲಿ ಬಿಟ್ಟು ಬಂದ ಮನೆಗೆ ಕಳ್ಳರ ಭಯ. ಆದರೂ ಜನರು ಅಲ್ಲಿ ನಿಂತರು. ಅವರು ನಿಂತದ್ದು ತಮ್ಮ ಹೊಲದಲ್ಲಿ, ತಮ್ಮ ಎತ್ತುಗಳ ಜೊತೆಗೆ, ತಮ್ಮ ಓಣಿಯವರ ನೆರೆಯಲ್ಲಿ. ಬಿತ್ತನೆ ನಿಲ್ಲಲಿಲ್ಲ, ಹಿಂದುಳಿದವರನ್ನು ನೋಡಿಕೊಳ್ಳುವವರಿದ್ದರು, ಸ್ವಾಮಿಗಳೂ ಗುಡಿಸಲಿನ ಬಾಗಿಲಿಗೆ ಬರಬಹುದಿತ್ತು. ಇದಕ್ಕೆ ಹೋಲಿಸಿದರೆ ಪುಣೆಯಲ್ಲಿ 1897ರಲ್ಲಿ ಸೈನಿಕರು ಮನೆ ಹೊಕ್ಕು ಜನರನ್ನು ಎಳೆದೊಯ್ದು ಪ್ರತ್ಯೇಕ ಶಿಬಿರಗಳಲ್ಲಿ ಇರಿಸಿದ್ದು ಎಂಥ ಕ್ರೋಧವನ್ನು ಹುಟ್ಟಿಸಿತೆಂಬುದು ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯಿಂದ ಸರ್ವವಿದಿತವಾಗಿದೆ. ಎರಡೂ ಕಡೆ ಊರು ಬಿಡಿಸುವುದೇ ಚಿಕಿತ್ಸೆ. ಒಂದು ಕಡೆ ಜನರು ತಾವೇ ಸ್ಥಳವನ್ನು ಆರಿಸಿಕೊಂಡರು. ಇನ್ನೊಂದು ಕಡೆ ಸ್ಥಳವನ್ನು ಅವರ ಮೇಲೆ ಹೇರಲಾಯಿತು. ಪ್ಲೇಗಿನ ಹೊಡೆತವಂತೂ ಭಾರಿಯಾಗಿಯೇ ಇತ್ತು: 1901ರಿಂದ 1911ರ ನಡುವೆ ಜಿಲ್ಲೆಯ ಜನಸಂಖ್ಯೆ ಮತ್ತೆ ಕುಗ್ಗಿತು. ಗುಡಿಸಲುಗಳಿಲ್ಲದಿದ್ದರೆ ಅದು ಇನ್ನೆಷ್ಟು ಕುಗ್ಗುತ್ತಿತ್ತೋ.

ದೂರದಿಂದ ಬಂದ ಅತಿಥಿಗಳು

ಕಲಘಟಗಿಯ ಗಡಿ ದಾಟಿದರೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ತರುವಾಯ ಹಿಮಾಲಯ ದಾಟಿ ಬಂದ ಟಿಬೇಟಿಗರಿಗೆ ಆಗಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ನೆಲ ನೀಡಿತು. ಮುಂಡಗೋಡದಲ್ಲಿ ದೊರೆತದ್ದು ಸುಮಾರು 4,000 ಎಕರೆ. ಹಿಮದ ನಾಡಿನವರು ಕಾಡಿನ ಸೆರಗನ್ನು ಕಡಿದು ಹಸನು ಮಾಡಿ ಗೋವಿನಜೋಳ, ಭತ್ತಗಳನ್ನು ಬೆಳೆದರು. ಬಂಗಾಲದ ಬಕ್ಸಾದ ಹಳೆಯ ಕೋಟೆಯಲ್ಲಿ, ಒಗ್ಗದ ಹವೆಯಲ್ಲಿ, ಕ್ಷಯರೋಗದಿಂದ ಬಳಲುತ್ತಿದ್ದ ಭಿಕ್ಷುಗಳು ಮುಂದೆ ಇಲ್ಲಿಗೆ ಬಂದು ಗಾಂದೇನ್ ಮತ್ತು ಡ್ರೆಪುಂಗ್ ಮಹಾವಿಹಾರಗಳನ್ನು ಮತ್ತೆ ಕಟ್ಟಿಕೊಂಡರು.

ಇಲ್ಲಿ ಗಮನಿಸಬೇಕಾದುದು ಒಂದು ವ್ಯತ್ಯಾಸ. ಬಕ್ಸಾದಲ್ಲಿ ಅವರಿಗೆ ಸೂರು ಇತ್ತು, ಪಡಿತರವಿತ್ತು, ನೆಲವಿರಲಿಲ್ಲ. ಮುಂಡಗೋಡದಲ್ಲಿ ಆರಂಭದಲ್ಲಿ ಸೂರು ಸಾಲದಾಗಿತ್ತು. ನೆಲವಿತ್ತು, ದುಡಿಮೆಯಿತ್ತು, ತಮ್ಮವರ ಸಮುದಾಯವಿತ್ತು. ಮೊದಲನೆಯದರಲ್ಲಿ ಜನ ಕೃಶರಾದರು, ಎರಡನೆಯದರಲ್ಲಿ ವಿದ್ಯಾಪೀಠಗಳು ತಲೆಯೆತ್ತಿದವು. ಕೋಡಿಯ ಮಠದ ಶಾಸನವನ್ನು ಬರೆಯಿಸಿದವರು ಇದನ್ನು ಕಂಡಿದ್ದರೆ ಅಭಯವೆಂಬ ತಮ್ಮ ಮಾತಿಗೆ ಇದೂ ಒಂದು ಅರ್ಥವೆಂದು ಒಪ್ಪುತ್ತಿದ್ದರು.

ಬೆಣ್ಣಿಹಳ್ಳದ ನೆರೆ

ಬರದ ಸೀಮೆಗೆ ನೆರೆಯೂ ಬರುತ್ತದೆ. ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆ ಹುಟ್ಟುವ ಬೆಣ್ಣಿಹಳ್ಳವು ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಮೇಲೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ತುಪ್ಪರಿಹಳ್ಳ ಅದರ ಜೊತೆಗಾರ. ಬೇಸಿಗೆಯಲ್ಲಿ ಬರಿ ಮರಳು ಕಾಣುವ ಈ ಹಳ್ಳಗಳು, ತೇವ ತುಂಬಿದ ಕರಿನೆಲ ನೀರು ಹೀರದಾದಾಗ, ಕೆಲವೇ ತಾಸುಗಳಲ್ಲಿ ದಡ ಮೀರಿ ಹೊಲಗಳನ್ನು ನುಂಗುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮನೆಗಳು ಬಿದ್ದವು. ಬೆಳುವಲದ ಮನೆಗಳ ಮಣ್ಣಿನ ಮಾಳಿಗೆಯು ಬಿಸಿಲಿಗೆ ತಂಪು. ದಿನಗಟ್ಟಲೆ ಜಡಿಮಳೆ ಹಿಡಿದರೆ ನೆನೆದು ಭಾರವಾಗಿ, ಕೆಳಗೆ ಮಲಗಿದವರ ಮೇಲೆ ಕುಸಿಯುತ್ತದೆ. ಶಾಲೆ, ಗುಡಿ, ಮಠ, ಮಸೀದಿ, ಸಮುದಾಯಭವನಗಳು ಗಂಜಿಕೇಂದ್ರಗಳಾದವು. ಆ ಮೊದಲ ದಿನಗಳಲ್ಲಿ ನೀರು ಹೊಕ್ಕದ ಊರಿನವರು ರೊಟ್ಟಿ ಬಡಿದು, ಗಂಟು ಕಟ್ಟಿ, ನೀರು ಹೊಕ್ಕ ಊರಿಗೆ ಕಳಿಸಿದ್ದನ್ನು ಈ ಸೀಮೆ ಮರೆತಿಲ್ಲ. ಯಾವ ಅಧಿಕಾರಿಯ ಅಪ್ಪಣೆಗೂ ಕಾಯದೆ ಬಂದ ಆ ರೊಟ್ಟಿಯ ಗಂಟು, ದಾಸೋಹವು ಮಠದ ಗೋಡೆಯೊಳಗಿನ ಆಚರಣೆಯಷ್ಟೇ ಅಲ್ಲವೆಂಬುದಕ್ಕೆ ಸಾಕ್ಷಿ.

ಮುಂದೆ ಸರಕಾರವು ‘ಆಸರೆ’ ಎಂಬ ಹೆಸರಿನ ಯೋಜನೆಯನ್ನು ಕೈಗೊಂಡಿತು. ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಕೈ ಜೋಡಿಸಿ, ನದಿ ಹಳ್ಳಗಳ ದಡದಿಂದ ಎತ್ತರದ ಜಾಗಗಳಿಗೆ ಊರುಗಳನ್ನು ಸರಿಸಿ ಸಾವಿರಾರು ಮನೆಗಳನ್ನು ಕಟ್ಟಿದವು. ಯೋಜನೆಯ ಹಿಂದಿನ ಸದ್ಭಾವನೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಹಲವೆಡೆ ಆ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಯೇ ನಿಂತವು, ಗೋಡೆಗಳ ಮೇಲೆ ಜಾಲಿ ಬೆಳೆಯಿತು. ಜನರನ್ನು ಕೇಳಿದರೆ ಉತ್ತರ ಸರಳವಾಗಿತ್ತು: ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಮೇವಿನ ಬಣವೆಗೆ ಎಡೆಯಿಲ್ಲ, ನೀರಿಲ್ಲ. ನೆರೆ ಇಳಿದ ಮೇಲೆ ಅವರು ಹಳೆಯ ಊರಿಗೇ ಮರಳಿದರು. 2019ರ ಆಗಸ್ಟ್‌ನಲ್ಲಿ ಮತ್ತೆ ನೀರು ಬಂದಾಗ ಅದೇ ಜನ ಅದೇ ಗಂಜಿಕೇಂದ್ರಗಳ ಬಾಗಿಲಿಗೆ ಬಂದರು.

ಇವರನ್ನು ಕೃತಘ್ನರೆಂದು ಜರಿದವರೂ ಉಂಟು. ಇತಿಹಾಸವನ್ನು ಬಲ್ಲವರು ಹಾಗೆ ಜರಿಯಲಾರರು. 1877ರ ಅಧಿಕಾರಿಯು ಸಂಶಯದಿಂದ ಜನರನ್ನು ಮನೆಯಿಂದ ದೂರ ನಡೆಸಿದನು. 2009ರ ಯೋಜನೆಯು ಕರುಣೆಯಿಂದ ಅವರನ್ನು ಹೊಲದಿಂದ ದೂರ ಇರಿಸಿತು. ಉದ್ದೇಶಗಳ ನಡುವೆ ಅಜಗಜಾಂತರವಿದ್ದರೂ ದೂರವೆಂಬ ದೋಷ ಎರಡಕ್ಕೂ ಸಮಾನ. ಪ್ಲೇಗಿನ ಕಾಲದ ಹಳ್ಳಿಗರು ದಂಟಿನ ಗುಡಿಸಲಲ್ಲಿ ತಿಂಗಳುಗಟ್ಟಲೆ ತಾಳಿಕೊಂಡರೆ, ಅವರ ಮರಿಮಕ್ಕಳು ಕಾಂಕ್ರೀಟಿನ ಮನೆಯಲ್ಲಿ ನಿಲ್ಲದೆ ಹೋದುದಕ್ಕೆ ಕಾರಣವನ್ನು ಮನೆಯ ಗೋಡೆಗಳಲ್ಲಿ ಹುಡುಕಬಾರದು. ಮನೆಗೂ ಹೊಲಕ್ಕೂ ನಡುವಿನ ದಾರಿಯಲ್ಲಿ ಹುಡುಕಬೇಕು.

ಉಪಸಂಹಾರ

ಎರಡು ಶತಮಾನಗಳ ಈ ಅನುಭವದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಡೋಗಿ ಬರವು ತೋರಿಸುವಂತೆ, ವಿಪತ್ತು ಇಡೀ ಸೀಮೆಯನ್ನು ಕವಿದಾಗ ಒಂದು ಮಠದ, ಒಂದು ಊರಿನ ಔದಾರ್ಯ ಸಾಲದು. ಹೊರಗಿನ ಕಾಳು, ದಾರಿ ಮತ್ತು ಹೊಣೆಯರಿತ ಆಳ್ವಿಕೆ ಬೇಕು. ಧಾತು ಈಶ್ವರದ ಬರವು ತೋರಿಸುವಂತೆ, ಇವೆಲ್ಲ ಇದ್ದರೂ ಪಡೆಯುವವನನ್ನು ಸಂಶಯದಿಂದ ಅಳೆಯುವ ಆಸರೆಯು ಆಸರೆಯಾಗದು. ಊಟದ ಸಾಲಿನಲ್ಲಿ ಭೇದವೆಣಿಸುವ ಅನ್ನವೂ ಆಸರೆಯಾಗದು. ಪ್ಲೇಗಿನ ಗುಡಿಸಲುಗಳೂ ಮುಂಡಗೋಡದ ನೆಲವೂ ತೋರಿಸುವಂತೆ, ಊರು ಬಿಟ್ಟವನು ಮೊದಲು ಕೇಳುವುದು ಭದ್ರವಾದ ಗೋಡೆಯನ್ನಲ್ಲ. ತನ್ನ ದುಡಿಮೆಗೆ ಮತ್ತು ತನ್ನವರಿಗೆ ಹತ್ತಿರವಾದ ಎಡೆಯನ್ನು.

ಬರುವ ದಿನಗಳಲ್ಲಿಯೂ ಬೆಣ್ಣಿಹಳ್ಳ ಉಕ್ಕುವುದು, ಹಿಂಗಾರಿ ತಪ್ಪುವುದು ನಿಲ್ಲುವಂತಿಲ್ಲ. ಗಂಜಿಕೇಂದ್ರವಾಗುವ ಶಾಲೆಯ ಮಾಳಿಗೆ ಗಟ್ಟಿಯಾಗಿದೆಯೇ, ಹೆಣ್ಣುಮಕ್ಕಳಿಗೆ ಮರೆಯಿದೆಯೇ, ದನ ಕಟ್ಟಲು ಎತ್ತರದ ಜಾಗವನ್ನು ಮೊದಲೇ ಗುರುತಿಸಲಾಗಿದೆಯೇ, ಸ್ಥಳಾಂತರದ ಮಾತು ಬಂದಾಗ ಊರಿನ ಹಿರಿಯರನ್ನೂ ರೈತರನ್ನೂ ಕೇಳಲಾಗಿದೆಯೇ ಎಂಬ ಪ್ರಶ್ನೆಗಳನ್ನು ಮಳೆಗಾಲಕ್ಕೆ ಮೊದಲು ಕೇಳಿಕೊಳ್ಳುವ ಹೊಣೆ ಸರಕಾರದ್ದೂ ಹೌದು, ಮಠಗಳದ್ದೂ ಹೌದು, ಊರಿನದೂ ಹೌದು. ಕೊಡುವವನು ತನ್ನ ಅನುಕೂಲವನ್ನು ನೋಡದೆ ಪಡೆಯುವವನ ಅಗತ್ಯವನ್ನು ಕೇಳಿ ನಡೆಯುವುದೇ ದಾಸೋಹದ ದಾಸಭಾವ. ಅಣ್ಣಿಗೇರಿಯ ಮಣ್ಣಿನಿಂದ ಮೇಲೆದ್ದು ಬಂದ ಬುರುಡೆಗಳಿಗೆ ಹೆಸರುಗಳಿಲ್ಲ. ಅವರಿಗೆ ಈ ಸೀಮೆಯವರು ಸಲ್ಲಿಸಬಹುದಾದ ಗೌರವವೆಂದರೆ, ಮುಂದಿನ ಸಲ ಊರು ಬಿಟ್ಟು ಬರುವವರು ಬಾಗಿಲು ತಟ್ಟುವ ಮೊದಲೇ ಒಲೆ ಹೊತ್ತಿಸಿ, ಹಾಸು ಹಾಸಿ, ಕಾದಿರುವುದು.